ಹಲಸಿನ ತೊಟ್ಟಿಲು, ಷಡ್ಡಕನ ಬೆರಳು

ನನ್ನ ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೂ ನಮ್ಮ ನೆಂಟರಿಷ್ಟರಲ್ಲಿ ಅದು ಗೊತ್ತಿಲ್ಲದವರಿಲ್ಲ. ಅವನು ನನ್ನ ಹೆಂಡತಿಯ ತಂಗಿಯ ಗಂಡ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನು, ತಲೆ ತುಂಬ ಕೂದಲು, ನಕ್ಕರೆ ಕೆನ್ನೆಯಲ್ಲಿ ಗುಳಿ ಬೇರೆ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುತ್ತಾನೆ. ನಾನು ರಾಮನಗರದಲ್ಲಿ ಬಾಗಿಲು, ಕಿಟಕಿ ಮಾಡುವ ಬಡಗಿ. ಅವನು ರೇಷ್ಮೆಗೂಡಿನ ವ್ಯಾಪಾರವನ್ನೋ ಕಿರಾಣಿ ಅಂಗಡಿಯನ್ನೋ ಮಾಡಿಕೊಂಡಿದ್ದರೆ ನನ್ನ ಪಾಡಿಗೆ ನಾನು ಇರುತ್ತಿದ್ದೆ. ಮರ ಮುಟ್ಟುವ ಇಬ್ಬರು ಒಂದೇ ಮನೆಗೆ ಅಳಿಯಂದಿರಾಗಬಾರದು. ನಾವು ಆಗಿಬಿಟ್ಟೆವು.

ನಮ್ಮ ಅತ್ತೆಯ ಮನೆ ಕೂಟಗಲ್ಲಿನಲ್ಲಿ. ಮಾವ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅತ್ತೆಯ ಮಾತೇ ಮಾತು. ಅವರಿಗೆ ನಾನು ಹಿರಿಯಳಿಯ, ಅವನು ಹೊಸ ಅಳಿಯ. ಅವನ ಮದುವೆಯಾಗಿ ಎಷ್ಟೋ ವರ್ಷವಾಯಿತು, ಇನ್ನೂ ಹೊಸ ಅಳಿಯನೇ. ನಾನಾದರೆ ಮದುವೆಯಾದ ಮರುವರ್ಷಕ್ಕೇ ಹಳಬನಾದೆ. ನಾನು ಹೊಸ್ತಿಲು ದಾಟುವುದೇ ತಡ, "ಅಳಿಯಂದ್ರೇ, ಈ ಮಣೆ ಕಾಲು ಅಲ್ಲಾಡ್ತೈತೆ, ಒಂದು ಮೊಳೆ ಬಡುದ್ಬುಡಿ" ಅನ್ನುತ್ತಾರೆ. ಅವನು ಬಂದರೆ ಚಾಪೆ ಹಾಸುತ್ತಾರೆ. ನಾಟಿಕೋಳಿ ಸಾರು ಮಾಡಿದ ದಿನ ತೊಡೆಯ ತುಂಡು ಯಾರ ತಟ್ಟೆಗೆ ಬೀಳುತ್ತದೆಂದು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ತುಂಡಿಗಾಗಿ ಬಾಯಿ ಬಿಡುವ ಮನುಷ್ಯ ನಾನಲ್ಲ. ಆದರೆ ಲೆಕ್ಕ ಅಂತ ಒಂದಿರುತ್ತದಲ್ಲ?

ಅವನ ವಿಷಯದಲ್ಲಿ ನಾನು ನುಡಿದ ಭವಿಷ್ಯವೆಲ್ಲ ಸುಳ್ಳಾಗಿದೆ ಎಂಬುದು ಇನ್ನೊಂದು ಕರ್ಮ. ಅವನು ಮಾಡಿಕೊಟ್ಟ ಸ್ಟೂಲು ಮಳೆಗಾಲ ಕಳೆಯುವುದರೊಳಗೆ ಬಿಟ್ಟುಕೊಳ್ಳುತ್ತದೆ ಅಂದಿದ್ದೆ. ಅತ್ತೆ ಈಗಲೂ ಅದರ ಮೇಲೆ ನಿಂತು ಅಟ್ಟದಿಂದ ಹುಣಸೆಹಣ್ಣಿನ ಮಡಕೆ ಇಳಿಸುತ್ತಾರೆ. ಹೊಸ ಹೈವೇ ಚನ್ನಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಹೋದಾಗ, ಕಾರಿನವರು ಇಳಿಯದೆ ಇವನ ಬೊಂಬೆ ಯಾರು ಕೇಳುತ್ತಾರೆ, ಅಂಗಡಿ ಮುಚ್ಚಿದ ಹಾಗೇ ಅಂದಿದ್ದೆ. ಅವನು ಬೊಂಬೆ ಕಡಿಮೆ ಮಾಡಿ, ಮಕ್ಕಳು ಕೂತು ತೂಗುವ ಮರದ ಕುದುರೆ ಮಾಡಲು ಶುರು ಮಾಡಿದ. ಈಗ ಬೆಂಗಳೂರಿನ ಸ್ಕೂಲಿನವರು ಫೋನಿನಲ್ಲೇ ಕೇಳಿ ತರಿಸಿಕೊಳ್ಳುತ್ತಾರೆ. ಹೀಗಾಗಿ ಅವನ ಬಗ್ಗೆ ನಾನು ಬಾಯಿ ತೆರೆದರೆ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ತುಟಿ ಕಚ್ಚಿಕೊಳ್ಳುತ್ತಾರೆ. ಈ ಕಥೆಗೆ ಅದು ಮುಖ್ಯ.

ನನ್ನ ಮಗಳಿಗೆ ಹೆಣ್ಣು ಮಗುವಾಯಿತು. ನಮ್ಮ ಮನೆಯ ಮೊದಲ ಮೊಮ್ಮಗು. ತೊಟ್ಟಿಲು ತವರಿನಿಂದ ಹೋಗಬೇಕು, ಅದು ನಮ್ಮಲ್ಲಿ ನಡೆದುಬಂದದ್ದು. ಮಗು ಹುಟ್ಟುವ ಮುಂಚೆ ತೊಟ್ಟಿಲಿಗೆ ಉಳಿ ತಾಗಿಸಬಾರದು ಅನ್ನುವುದೂ ಉಂಟು. ಹಾಗಾಗಿ ನಾನು ಉಳಿ ತಾಗಿಸಿರಲಿಲ್ಲ, ಆದರೆ ಮರ ಸಿದ್ಧವಿಟ್ಟಿದ್ದೆ. ಕೂಟಗಲ್ಲಿನ ಹಿತ್ತಲಿನಲ್ಲಿದ್ದ ಹಳೆಯ ಹಲಸಿನ ಮರ ಒಂದು ಗಾಳಿಗೆ ಉರುಳಿದಾಗ ಅದನ್ನು ಕನಕಪುರ ರಸ್ತೆಯ ಸಾಮಿಲ್ಲಿಗೆ ಹೊತ್ತುಹಾಕಿಸಿ, ಎರಡಿಂಚು ದಪ್ಪದ ಹಲಗೆ ಕೊಯ್ಸಿದವನು ನಾನು. ಅತ್ತೆಯ ಕೊಟ್ಟಿಗೆಯ ಅಟ್ಟದ ಮೇಲೆ ಗಾಳಿಯಾಡುವ ಹಾಗೆ ನಡುನಡುವೆ ರಿಪೀಸು ಪಟ್ಟಿ ಕೊಟ್ಟು ಜೋಡಿಸಿ, ವರ್ಷಕ್ಕೊಮ್ಮೆ ಹೋಗಿ ಮಗ್ಗುಲು ಬದಲಾಯಿಸಿ, ಹುಳು ಬೀಳದ ಹಾಗೆ ಬೇವಿನೆಣ್ಣೆ ಸವರಿದವನೂ ನಾನೇ. ಹಳದಿ ಬಣ್ಣ ನಿಧಾನಕ್ಕೆ ಜೇನಿನ ಬಣ್ಣಕ್ಕೆ ತಿರುಗುತ್ತಿದ್ದ ಆ ಹಲಗೆಗಳನ್ನು ನೋಡಿದಾಗಲೆಲ್ಲ, ನನ್ನ ಮೊಮ್ಮಗು ಇದರಲ್ಲಿ ಮಲಗಬೇಕು, ಅದನ್ನು ನಾನೇ ಮಾಡಬೇಕು ಅಂದುಕೊಳ್ಳುತ್ತಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಜ್ಜ ಬಡಗಿಯಾಗಿದ್ದಾಗ ಅದನ್ನು ಹೇಳಬೇಕೇ?

ಹೇಳಬೇಕಾಗಿತ್ತಂತೆ. ಬಾಣಂತಿ ಮಗಳು ನಮ್ಮ ಮನೆಯಲ್ಲೇ ಇದ್ದಳು. ಒಂದು ಬೆಳಿಗ್ಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. "ಅಪ್ಪಾ ನೋಡು, ಚಿಕ್ಕಪ್ಪ ಕಳ್ಸವ್ರೆ." ತೊಟ್ಟಿಲಿನ ಎರಡು ತುದಿಗೂ ಎರಡು ಆನೆ. ಆನೆಯ ಬೆನ್ನು ಬಳುಕಿ ಸೊಂಡಿಲಾಗಿ, ಸೊಂಡಿಲು ಸುರುಳಿ ಸುತ್ತಿ ಕೆಳಗೆ ಬಂದು, ಕಾಲುಗಳೆರಡೂ ಸೇರಿ, ನೆಲದ ಮೇಲೆ ತೊಟ್ಟಿಲು ತೂಗುವ ಬಾಗು. ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ ನನ್ನ ಬಾಯಿ ಕಹಿಯಾಯಿತು.

"ಯಾರು ಮಾಡೋದು?" ಅಂದೆ.

ಮಗಳು ಅವಳಮ್ಮನ ಮುಖ ನೋಡಿದಳು. ನನ್ನ ಹೆಂಡತಿ ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು. "ಅವ್ವ ಹೇಳದ್ಲು, ಚಿಕ್ಕಳಿಯಂದ್ರೇ ಮಾಡ್ಲಿ ಅಂತ. ಅವ್ರ ಕೈಲಿ ಒಸಿ ಗುಂಡುಗುಂಡಾಗಿ ಬತ್ತದಂತೆ. ನಿಮ್ದು ಏನಿದ್ರೂ ಬಾಗ್ಲು."

ಏನಿದ್ದರೂ ಬಾಗಿಲು! ಆ ಮಾತು ನನ್ನ ಎದೆಯಲ್ಲಿ ಇನ್ನೂ ಇದೆ. ರಾಮನಗರದಿಂದ ಮಾಗಡಿಯವರೆಗೆ ಕಮಾನಿನ ಬಾಗಿಲು ಬೇಕಾದವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕಲ್ಯದಲ್ಲಿ ಒಂದು ಮನೆಗೆ ನಾನು ಮಾಡಿದ ಜೋಡಿ ಬಾಗಿಲಿನ ಕಮಾನುಗಳನ್ನು ಒಂದರ ಮೇಲೊಂದು ಇಟ್ಟರೆ ನಡುವೆ ಉಗುರು ತೂರುವುದಿಲ್ಲ. "ಏನು ಕೈ ಮಾರಾಯ ನಿಂದು" ಅಂದವರಿದ್ದಾರೆ. ನಮ್ಮತ್ತೆಗೆ ಮಾತ್ರ ಹಿತ್ತಲ ಗಿಡ ಮದ್ದಲ್ಲ. ನಾನು ಕೊಯ್ಸಿದ ಮರ, ನನ್ನ ಮಗಳ ಮಗು, ತೊಟ್ಟಿಲು ಮಾತ್ರ ಅವನದು. ಅವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಯಾರೂ ಯಾಕೆ ಅಂತ ಕೇಳಲೂ ಇಲ್ಲ.

ಇಷ್ಟು ಸಾಲದು ಎಂಬಂತೆ ಹಲಗೆಗಳನ್ನು ಚನ್ನಪಟ್ಟಣಕ್ಕೆ ಸಾಗಿಸುವ ಕೆಲಸ ನನ್ನ ತಲೆಗೇ ಬಂತು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದೆ. ಅವನ ಕಾರ್ಖಾನೆ ಅಂದರೆ ಮನೆಯ ಹಿಂದಿನ ಶೆಡ್ಡು. ಒಂದು ಕಡೆ ಬೊಂಬೆ ಕಡೆಯುವ ಲೇತುಗಳು, ಅರಗಿನ ಬಣ್ಣದ ಕಡ್ಡಿಗಳು. ಇನ್ನೊಂದು ಕಡೆ ಹೊಸ ರೂಟರ್ ಟೇಬಲ್ಲು. ಮೇಜಿನ ಹೊಟ್ಟೆಯಲ್ಲಿ ಮೋಟಾರು, ನಡುವಿನ ತೂತಿನಿಂದ ಮೇಲಕ್ಕೆ ಎದ್ದು ನಿಂತ ಬಿಟ್ಟು, ಅಂದರೆ ತಿರುಗುವ ಅಲಗು. ಪ್ಲೈವುಡ್ಡಿನಲ್ಲಿ ಆನೆಯ ಅಚ್ಚನ್ನು ನುಣ್ಣಗೆ ಮಾಡಿಟ್ಟಿದ್ದ. ಹಲಗೆಯನ್ನು ಸುಮಾರಾಗಿ ಆನೆಯಾಕಾರಕ್ಕೆ ಕೊಯ್ದು ಅಚ್ಚಿಗೆ ಅಂಟಿಸಬೇಕು. ಬಿಟ್ಟಿನ ತುದಿಯಲ್ಲಿರುವ ಪುಟ್ಟ ಬೇರಿಂಗು ಅಚ್ಚಿನ ಅಂಚನ್ನು ಸವರಿಕೊಂಡು ಉರುಳುತ್ತದೆ, ಅಲಗು ಹೆಚ್ಚಿನ ಮರವನ್ನು ಹೆರೆದು ಅಚ್ಚಿನ ಸಮಕ್ಕೆ ತರುತ್ತದೆ. ಎರಡು ಆನೆಯೂ ಒಂದೇ ಸಮ ಬರಬೇಕಾದರೆ ಅದೇ ದಾರಿ. ಆ ಮಟ್ಟಿಗೆ ಅವನು ಸರಿಯಾಗಿಯೇ ಯೋಚಿಸಿದ್ದ.

"ಬಾರಣ್ಣ, ಕುಂತ್ಕೊ. ಟೀ ತರುಸ್ತೀನಿ" ಅಂದ, ಗುಳಿ ಬಿಟ್ಟುಕೊಂಡು.

ನಾನು ಕೂರಲಿಲ್ಲ. ಆ ಬಿಟ್ಟನ್ನೇ ನೋಡುತ್ತಿದ್ದೆ. ಅರ್ಧ ಇಂಚಿನ ಬಿಟ್ಟು ಹಿಡಿಯುವ ಮೆಷಿನ್ನಿನ ಬಾಯಿಗೆ ಬುಶ್ಶು ಎಂಬ ಬಳೆ ತುರುಕಿ, ಅದರೊಳಗೆ ಕಾಲಿಂಚು ದಪ್ಪದ ಕಾಲಿನ ಬಿಟ್ಟು ಸಿಕ್ಕಿಸಿದ್ದ. ಅಲಗು ನೆಟ್ಟಗೆ, ಉದ್ದಕ್ಕೆ, ಎರಡಿಂಚಿಗೂ ಮೇಲೆ ಎದ್ದಿತ್ತು. ಪೆನ್ಸಿಲ್ಲಿನಷ್ಟು ತೆಳ್ಳಗಿನ ಕಾಲಿನ ಮೇಲೆ ಅಷ್ಟುದ್ದದ ಅಲಗು ನಿಂತರೆ ಅದು ತಿರುಗುವಾಗ ಬಳುಕದೆ ಇರುತ್ತದೆಯೇ?

"ಇದ್ರಲ್ಲಿ ಎರಡಿಂಚು ಹಲಸು ಹೊಡಿತೀಯೇನ್ಲಾ?" ಅಂದೆ.

"ಕುದ್ರೆ ಎಲ್ಲಾ ಇದ್ರಲ್ಲೇ ಕಣಣ್ಣ ಮಾಡಿರೋದು. ಎಷ್ಟೊಂದು ಕುದ್ರೆ!"

ಕುದುರೆ ಮಾಡಿದ್ದ, ನಿಜ. ಆದರೆ ಕುದುರೆಗೆ ಅವನು ಹಾಕಿದ್ದು ಹಾಲೆಮರ, ಅದೂ ತೆಳುವಾದ ಹಲಗೆ. ಚನ್ನಪಟ್ಟಣದವರು ಹುಟ್ಟಿದಾಗಿನಿಂದ ಆ ಮರದಲ್ಲೇ ಬೆಳೆದವರು. ಹಾಲಿನ ಬಣ್ಣದ ಮೆದು ಮರ, ಎಳೆಯೇ ಕಾಣದಷ್ಟು ನಯ. ಯಾವ ಕಡೆಯಿಂದ ಕತ್ತಿ ಇಟ್ಟರೂ ಹೂಂ ಅನ್ನುತ್ತದೆ. ಜೊತೆಗೆ ಲೇತಿನಲ್ಲಿ ಮರ ತಿರುಗುತ್ತದೆ, ಉಳಿ ಕೈಯಲ್ಲಿ ಸುಮ್ಮನಿರುತ್ತದೆ. ಅವರಿಗೆ ಮರ ತಿರುಗಿ ಅಭ್ಯಾಸ, ಕತ್ತಿ ತಿರುಗಿ ಅಭ್ಯಾಸವಿಲ್ಲ. ಹಲಸು ಹಾಗಲ್ಲ. ಅದರ ಎಳೆ ಒಂದು ಗೇಣು ಹೀಗೆ ಹೋದರೆ ಇನ್ನೊಂದು ಗೇಣು ಹಾಗೆ ಹೋಗುತ್ತದೆ. ಬೆಕ್ಕಿನ ಬೆನ್ನು ಸವರಿದ ಹಾಗೆ ಅದು. ಬಾಲದ ಕಡೆಗೆ ಸವರಿದರೆ ಸುಮ್ಮನಿರುತ್ತದೆ, ತಲೆಯ ಕಡೆಗೆ ಸವರಿದರೆ ಪರಚುತ್ತದೆ. ನೆಟ್ಟಗಿನ ಅಲಗು ಎಳೆಗೆ ಎದುರಾದಾಗ ಹೆರೆಯುವುದಿಲ್ಲ, ಕಚ್ಚುತ್ತದೆ. ದಪ್ಪ ಮರವಾದರೆ ಕಚ್ಚಿದ್ದನ್ನು ಬಿಡದೆ ಮರವನ್ನೇ ಒದೆಯುತ್ತದೆ, ಹಿಡಿದ ಕೈಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಆನೆಯ ಸೊಂಡಿಲು ಸುರುಳಿ ಸುತ್ತುವ ಕಡೆಯೇ ಎಳೆ ಎದುರಾಗುವ ಜಾಗ. ಅವನ ಬೆರಳುಗಳು ಇರಬೇಕಾದ ಜಾಗವೂ ಅದೇ.

ಇದನ್ನೆಲ್ಲ ನಾನು ಹೇಳಿದೆ. ಸಮಾಧಾನವಾಗಿ ಹೇಳಿದೆನೇ? ಇಲ್ಲ. ನನ್ನ ಬಾಯಿ ನನಗೆ ಗೊತ್ತಲ್ಲ. "ಬೊಂಬೆ ಕೆತ್ತಿದಂಗಲ್ಲ ಕಣ್ಲಾ ಇದು, ಬೆರಳು ಎತ್ಕೊಂಡೋಯ್ತದೆ" ಅಂದೆ. ಅವನು ನಗುತ್ತಲೇ ಕೇಳಿದ. "ಆಯ್ತು ಬುಡಣ್ಣ, ನೋಡ್ಕೊಂಡ್ ಮಾಡ್ತೀನಿ" ಅಂದ. ಆ ಬುಡಣ್ಣ ಎಂಬ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತು.

ನಾನು ಬಸ್ಸು ಹಿಡಿದು ರಾಮನಗರ ಸೇರುವುದರೊಳಗೆ ಸುದ್ದಿ ಮನೆ ಮುಟ್ಟಿತ್ತು. ಅವನು ಹೆಂಡತಿಗೆ ಹೇಳಿದ್ದಾನೆ, ಅವಳು ಅವ್ವನಿಗೆ, ಅವ್ವ ನನ್ನ ಹೆಂಡತಿಗೆ. ಚಪ್ಪಲಿ ಬಿಡುತ್ತಿದ್ದ ಹಾಗೇ ಶುರುವಾಯಿತು.

"ಒಳ್ಳೆ ಕೆಲ್ಸಕ್ಕೆ ಕೈ ಹಾಕಿರೋವಾಗ ಬೆರಳೋಯ್ತದೆ ಗಿರಳೋಯ್ತದೆ ಅಂತ ಅಪಶಕುನ ನುಡಿಬೋದಾ? ಮಗೀನ ತೊಟ್ಲು ಕಣ್ರೀ ಅದು."

"ಅಪಶಕುನ ಅಲ್ಲ ಕಣೇ. ಬಿಟ್ಟು ಸರಿಯಿಲ್ಲ ಅಂದೆ."

"ಸ್ಟೂಲೂ ಸರಿಯಿಲ್ಲ ಅಂದಿದ್ರಿ."

ಅವಳು ನೀರಿನ ಲೋಟ ನನ್ನ ಮುಂದೆ ಕುಕ್ಕಿ, "ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು" ಅಂದಳು. ಹೊಟ್ಟೆಕಿಚ್ಚು ಇತ್ತು, ಇಲ್ಲವೆಂದವರು ಯಾರು? ಬಿಟ್ಟು ಸರಿಯಿರಲಿಲ್ಲ ಎಂಬುದೂ ಅಷ್ಟೇ ನಿಜ. ಎರಡೂ ಒಂದೇ ಬಾಯಿಂದ ಬಂದರೆ ಜನ ಮೊದಲನೆಯದನ್ನು ಮಾತ್ರ ಕೇಳಿಸಿಕೊಳ್ಳುತ್ತಾರೆ.

ನಾನೂ ಹಟಕ್ಕೆ ಬಿದ್ದೆ. ಹಾಳಾಗಿ ಹೋಗಲಿ, ಕೆಟ್ಟ ಮೇಲೆ ಬುದ್ಧಿ ಬರುತ್ತದೆ ಅಂದುಕೊಂಡು ನನ್ನ ಬಾಗಿಲು ನಾನು ಮಾಡಿಕೊಂಡಿದ್ದೆ. ಆಗ ಒಂದು ದಿನ ಅಕ್ಕತಂಗಿಯರು ಫೋನಿನಲ್ಲಿ ನಗುವುದು ಕೇಳಿಸಿತು. ಏನೆಂದು ಕೇಳಿದರೆ, ಷಡ್ಡಕ ಹಲಸಿನ ಒಂದು ತುಂಡನ್ನು ಸುಮ್ಮನೆ ಮೆಷಿನ್ನಿಗೆ ಕೊಟ್ಟು ನೋಡಿದನಂತೆ. ಗಡಗಡ ಅಂತಂತೆ. ಒಂದು ಚಕ್ಕೆ ಹಾರಿ ಟ್ಯೂಬ್‌ಲೈಟ್ ಒಡೆಯಿತಂತೆ. ನನ್ನ ನಾದಿನಿಗೆ ಅದು ತಮಾಷೆ. ನನಗೆ ಕೈಯಲ್ಲಿದ್ದ ಉಳಿ ಕೆಳಗಿಡಬೇಕಾಯಿತು. ಬಿಟ್ಟು ಗಡಗಡ ಅಂದರೆ ಅದು ಬಳುಕುತ್ತಿದೆ ಎಂದು ಅರ್ಥ. ಚಕ್ಕೆ ಹಾರಿದರೆ ಕಚ್ಚಲು ಶುರು ಮಾಡಿದೆ ಎಂದು ಅರ್ಥ. ಮುಂದಿನದು ಒದೆತ. ಆ ಗುಳಿ ಬೀಳುವ ಮುಖ ಕಣ್ಣ ಮುಂದೆ ಬಂತು, ಆಮೇಲೆ ಅವನ ಕೈಗಳು ಬಂದವು. ಅವನ ಕೈ ಹೋದರೆ ನನಗೆ ಖುಷಿಯಾಗುತ್ತದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಥೂ, ಅಷ್ಟು ಕೆಟ್ಟವನಲ್ಲ ನಾನು. ಅವನ ಕೈ ಇರಬೇಕು. ನನ್ನ ಕೈಗಿಂತ ಒಂದು ಗುಲಗಂಜಿ ಕಡಿಮೆ ಇರಬೇಕು, ಅಷ್ಟೇ.

ಮತ್ತೆ ಹೋಗಿ ಬಯ್ದರೆ ಪ್ರಯೋಜನವಿಲ್ಲ. ನನ್ನ ಮಾತಿಗೆ ಬೆಲೆಯಿಲ್ಲ. ಉಳಿದಿದ್ದ ದಾರಿ ಒಂದೇ, ಅದು ನನಗೆ ಬೇಡವಾಗಿತ್ತು.

ನನ್ನ ಪೆಟ್ಟಿಗೆಯ ತಳದಲ್ಲಿ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಒಂದು ಬಿಟ್ಟಿದೆ. ಅರ್ಧ ಇಂಚಿನ ಗಟ್ಟಿ ಕಾಲು, ದಪ್ಪ ಮೈ. ಅಲಗು ನೆಟ್ಟಗಿಲ್ಲ, ಹುರಿಯ ಹಾಗೆ ಸುತ್ತಿಕೊಂಡಿದೆ. ಹಾಗಾಗಿ ಮರವನ್ನು ಹೊಡೆಯುವುದಿಲ್ಲ, ಓರೆಯಾಗಿ ಸೀಳುತ್ತಾ ಹೋಗುತ್ತದೆ. ಮೇಲೊಂದು, ಕೆಳಗೊಂದು ಬೇರಿಂಗು. ಎಳೆ ಎದುರಾಗುವ ಜಾಗ ಬಂದರೆ ಮೆಷಿನ್ನು ನಿಲ್ಲಿಸಿ, ಮರವನ್ನು ಅಚ್ಚಿನ ಸಮೇತ ಮಗುಚಿ, ಬಿಟ್ಟಿನ ಎತ್ತರ ಬದಲಾಯಿಸಿ ಇನ್ನೊಂದು ಬೇರಿಂಗಿನ ಮೇಲೆ ಓಡಿಸಬಹುದು. ಆಗ ಎಲ್ಲಿಯೂ ಎಳೆಗೆ ಎದುರು ಹೋಗುವ ಪ್ರಸಂಗವೇ ಇರುವುದಿಲ್ಲ. ಕಲ್ಯದ ಮನೆಯ ಕಮಾನುಗಳ ನಡುವೆ ಉಗುರು ತೂರದಿರುವುದಕ್ಕೆ ಕಾರಣ ಆ ಬಿಟ್ಟು. ಜನ "ಏನು ಕೈ" ಅಂದಾಗ ನಾನು ಮೀಸೆಯಲ್ಲೇ ನಕ್ಕು ಸುಮ್ಮನಿರುತ್ತಿದ್ದೆ. ಇಂಥದ್ದೊಂದು ನನ್ನ ಬಳಿ ಇದೆಯೆಂದು ಒಬ್ಬ ಬಡಗಿಗೂ ಹೇಳಿರಲಿಲ್ಲ. ಅದನ್ನು ಈಗ ನನ್ನ ಷಡ್ಡಕನ ಕೈಗೆ ಇಡಬೇಕು. ಇಟ್ಟರೆ ಅವನ ತೊಟ್ಟಿಲು ನನ್ನ ಬಾಗಿಲಿಗಿಂತ ಚೆನ್ನಾಗಿ ಬರುತ್ತದೆ, ಅತ್ತೆ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಬಸ್ಸಿನಲ್ಲಿ ಕೂತವನು ಎರಡು ಸಲ ಇಳಿದುಬಿಡೋಣವೆಂದು ಎದ್ದೆ.

ಶೆಡ್ಡಿಗೆ ಹೋದಾಗ ಅವನು ಹಲಸಿನ ಹಲಗೆಯನ್ನು ಆನೆಯಾಕಾರಕ್ಕೆ ಕೊಯ್ದು ಮುಗಿಸಿದ್ದ. ಕೊಯ್ತವೂ ದೂರದೂರ, ಗೆರೆಯಿಂದ ಅರ್ಧ ಬೆರಳಿನಷ್ಟು ಮರ ಹಾಗೇ ಬಿಟ್ಟಿದ್ದ. ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ. ಆಮೇಲೆ, ಹುಟ್ಟಿದಾಗಿನಿಂದ ಆಡದ ಮಾತು ಆಡಿದೆ.

"ತಮ್ಮಾ, ಒಂದು ಹೊಸಾ ನಮೂನೆ ಬಿಟ್ಟು ಐತೆ ನನ್ತಾವ. ನನ್ ಕೈಗೆ ಅದು ಬಗ್ತಾ ಇಲ್ಲ. ನಿಂದು ಒಳ್ಳೆ ಟೇಬಲ್ಲು, ನಿನ್ ಕೈಯೂ ನಯ. ಒಂದ್ಸಲ ಓಡ್ಸಿ ತೋರ್ಸಪ್ಪ."

ಅವನು ಬೆರಗಾಗಿ ನನ್ನನ್ನು ನೋಡಿದ. ಕುಡಿದಿದ್ದೇನೆಯೇ ಎಂದು ನೋಡಿದನೋ ಏನೋ. ಆಮೇಲೆ ಹೊಗಳಿಕೆಯ ಅಟ್ಟ ಹತ್ತಿದ. "ಅದೇನ್ ಮಹಾ ಅಣ್ಣ, ಕೊಡು ಇಲ್ಲಿ" ಅಂತ ಬುಶ್ಶು ಕಿತ್ತೆಸೆದು ನನ್ನ ಬಿಟ್ಟನ್ನು ಬಿಗಿದ. ಅವನ ಕೈಯಲ್ಲಿ ಅದನ್ನು ನೋಡುವುದು ನನಗೆ ಎಷ್ಟು ಕಷ್ಟವಾಯಿತೆಂದರೆ ಗೋಡೆಯ ಕಡೆ ತಿರುಗಿ ನಿಂತೆ.

ಆಮೇಲೆಲ್ಲ ನಾನು ಪ್ರಶ್ನೆ ಕೇಳುವುದು, ಅವನು ಮಾಡಿ ತೋರಿಸುವುದು. "ಗೆರೆಗೆ ಇನ್ನೂ ಒಸಿ ಹತ್ರ ಕೊಯ್ದ್ರೆ ಹೆಂಗಿರ್ತದೆ ತಮ್ಮಾ?" ಅಂದೆ. ಜಿಗ್ಸಾ ಗರಗಸ ತಗೊಂಡು ರೂಪಾಯಿ ನಾಣ್ಯದ ದಪ್ಪದಷ್ಟು ಮಾತ್ರ ಉಳಿಯುವ ಹಾಗೆ ಕೊಯ್ದ. ಬಿಟ್ಟು ಹೆರೆಯುವುದು ಎಷ್ಟು ಕಡಿಮೆಯೋ ಅಪಾಯವೂ ಅಷ್ಟು ಕಡಿಮೆ. "ಎಳೆ ಯಾವ ಕಡೆ ಹೋಗೈತೆ, ನನ್ಗೆ ಕಣ್ಣು ಕಾಣಕ್ಕಿಲ್ಲ, ಒಸಿ ಗುರ್ತು ಹಾಕು" ಅಂದೆ. ಪೆನ್ಸಿಲ್ಲಿನಿಂದ ಬಾಣದ ಗುರುತು ಹಾಕಿದ, ಎರಡು ಕಡೆ ತಪ್ಪಾಗಿ ಹಾಕಿದ. "ಅಲ್ಲಿ ಹಂಗಾ ಹೋಗಿರೋದು?" ಅಂತ ದಡ್ಡನ ಹಾಗೆ ಕೇಳಿ ತಿದ್ದಿಸಿದೆ. ಬಿಟ್ಟು ತಿರುಗುವ ದಿಕ್ಕಿಗೆ ಎದುರಾಗಿಯೇ ಮರ ತಳ್ಳುವುದು, ಜೊತೆಯಲ್ಲಿ ತಳ್ಳಿದರೆ ಕೈಯಿಂದ ಕಿತ್ತುಕೊಳ್ಳುತ್ತದೆ, ಅದು ಅವನಿಗೆ ಗೊತ್ತಿತ್ತು. ಬಾಣದ ಗುರುತು ತಿರುಗಿದ ಕಡೆ ನಿಲ್ಲಿಸಿದೆವು, ಮಗುಚಿದೆವು, ಎತ್ತರ ಬದಲಾಯಿಸಿದೆವು, ಮತ್ತೆ ಓಡಿಸಿದೆವು. ಗಡಗಡ ಇಲ್ಲ. ಹಲಸು ಸೊಯ್ಯ್ ಅಂತ ನಯವಾಗಿ ಬಂತು. ಸುರುಳಿಯ ಒಳಗೆ ಕೈಯಾಡಿಸಿದರೆ ಒಂದು ಸಿಬಿರಿಲ್ಲ. ಎರಡನೇ ಆನೆಯೂ ಹಾಗೇ ಬಂತು. ಎರಡನ್ನೂ ಜೋಡಿಸಿ ಹಿಡಿದರೆ ಒಂದೇ ಆನೆ.

ಅಂಥ ಕೆಲಸ ನನ್ನ ಕೈಯಲ್ಲಿ ಬಂದಿದ್ದರೆ! ನನ್ನ ಮೊಮ್ಮಗಳ ಆನೆ, ನನ್ನ ಬಿಟ್ಟು, ನನ್ನ ಮರ, ಹಿಡಿದದ್ದು ಅವನ ಕೈ. ಅವನು ಆನೆಯನ್ನು ಎತ್ತಿ ಬೆಳಕಿಗೆ ಹಿಡಿದು ಬೀಗಿದ. "ನೋಡ್ದಾ ಅಣ್ಣ? ಬಿಟ್ಟು ಏನೂ ಅಲ್ಲ, ಕೈ ಬೇಕು ಅಷ್ಟೆ. ಇದೇ ಕೆಲ್ಸ ನನ್ ಹಳೇ ಬಿಟ್ಟಲ್ಲೂ ಬತ್ತಿತ್ತು."

"ಬತ್ತಿರ್ಲಿಲ್ಲ" ಅಂದೆ. ತಡೆಯಲಾಗಲಿಲ್ಲ.

"ತೋರುಸ್ಲಾ?"

"ಬ್ಯಾಡ."

ನನ್ನ ಬಾಯಿಂದ ಬೇಡ ಬಂದರೆ ಅವನಿಗೆ ಬೇಕು. ನನ್ನ ಬಿಟ್ಟು ಬಿಚ್ಚಿಟ್ಟು, ಬುಶ್ಶು ಹುಡುಕಿ, ಹಳೆಯ ಕಡ್ಡಿಬಿಟ್ಟು ಹಾಕಿಯೇ ಬಿಟ್ಟ. ಕೊಯ್ದು ಬಿದ್ದಿದ್ದ ಬಾಗಿದ ತುಂಡೊಂದನ್ನು ಎತ್ತಿಕೊಂಡ. ಬಲಗೈಯ ತೋರುಬೆರಳು ತುಂಡಿನ ಅಂಚಿನ ಮೇಲೇ ಇತ್ತು. ಆಗ ನಾನು ನಿಜವಾಗಿ ಕೂಗಾಡಿದೆ. ನಯ, ನಾಜೂಕು ಎಲ್ಲ ಬಿಟ್ಟು ಅವನವ್ವ ಅಪ್ಪನನ್ನೆಲ್ಲ ಎಳೆದು ಕೂಗಿದೆ. ಬೆಂಚಿನ ಮೇಲಿದ್ದ ಒಂದು ಮರದ ಗಟ್ಟಿಯನ್ನು ಅವನ ಮುಷ್ಟಿಗೆ ತುರುಕಿ, "ಇದ್ರಲ್ಲಿ ತಳ್ಳು, ಇಲ್ಲಾಂದ್ರೆ ಮೆಷಿನ್ ವೈರೇ ಕಿತ್ತಾಕ್ತೀನಿ" ಅಂದೆ.

"ಆಯ್ತಪ್ಪ, ನಿನ್ ಸಮಾಧಾನಕ್ಕೆ" ಅಂದ.

ಮೊದಲು ಗಡಗಡ ಅಂತು. ಬಾಗು ತಿರುಗುವ ಕಡೆ ಬಂದಾಗ ಟಪ್ ಅಂತ ಒಂದು ಶಬ್ದ. ತುಂಡು ಅವನ ಕೈಯಲ್ಲಿರಲಿಲ್ಲ. ಹಿಂದಿನ ತಗಡಿನ ಗೋಡೆಗೆ ಬಡಿದು ಬಿತ್ತು. ಅವನ ಕೈ ಮಾತ್ರ ಮುಂದಕ್ಕೆ ಹೋಗಿತ್ತು, ಸೀದಾ ಬಿಟ್ಟಿನ ಮೇಲಕ್ಕೆ. ನಾನು ಸ್ವಿಚ್ಚು ಆರಿಸಿದೆ. ಮೆಷಿನ್ನು ನಿಂತಿತು. ಆಮೇಲೆ ಅವನು ಮುಷ್ಟಿ ಬಿಚ್ಚಿದ. ಬೆರಳೆಲ್ಲ ಇದ್ದವು. ಮರದ ಗಟ್ಟಿಯಲ್ಲಿ ಮಾತ್ರ, ತೋರುಬೆರಳು ಇರಬೇಕಾಗಿದ್ದ ಕಡೆ, ಅಲಗು ಒಂದು ಹಳ್ಳ ತೋಡಿತ್ತು.

ಅವನು ನೆಲದ ಮೇಲೆ, ಹೊಟ್ಟಿನ ಮೇಲೇ ಕೂತುಬಿಟ್ಟ. ಮುಖದಲ್ಲಿ ಗುಳಿ ಎಲ್ಲಿತ್ತೋ ಕಾಣಲಿಲ್ಲ. ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಅಂದ, "ಅಣ್ಣ, ಮನೇಲಿ ಹೇಳ್ಬೇಡ ಕಣಣ್ಣ."

ನೋಡಿ, ಇಂಥ ದಿನಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಅವನು ತಪ್ಪು, ನಾನು ಸರಿ. ಸಾಕ್ಷಿಗೆ ಹಳ್ಳ ಬಿದ್ದ ಗಟ್ಟಿ ಕೈಯಲ್ಲೇ ಇದೆ. ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ನೇರವಾಗಿ ಕೂಟಗಲ್ಲಿಗೆ ಹೋಗಿ ಅತ್ತೆಯ ಮುಂದೆ ಇಡಬಹುದಿತ್ತು. ಬಸ್ಸಿನಲ್ಲಿ ಕೂತು ಅವರ ಮುಖ ಹೇಗಾಗಬಹುದೆಂದು ನೆನೆದು ನೆನೆದು ಸುಖಪಟ್ಟೆ. ರಾಮನಗರದಲ್ಲಿ ಇಳಿಯುವ ಹೊತ್ತಿಗೆ ಗೊತ್ತಾಯಿತು,  ಹೇಳಿದರೆ ಏನು ಅನ್ನುತ್ತಾರೆಂದು. "ಹೊಟ್ಟೆಕಿಚ್ಚಿಗೆ ಇವ್ರೇ ಏನೋ ಮಾಡವ್ರೆ" ಅನ್ನುತ್ತಾರೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಮನೆಯಲ್ಲಿ ಹೆಂಡತಿ, "ಹೆಂಗ್ ಬಂದೈತೆ ತೊಟ್ಲು?" ಅಂತ ಕೇಳಿದಳು. "ಪರವಾಗಿಲ್ಲ" ಅಂದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ಇದೆಯೇ ನೋಡಿದಳು.

ತೊಟ್ಟಿಲಿಗೆ ಹಾಕುವ ಶಾಸ್ತ್ರ ನಮ್ಮ ಮನೆಯಲ್ಲೇ ಆಯಿತು. ಅತ್ತೆ ದೊಡ್ಡಮಳೂರಿಗೆ ಹೋಗಿ, ಅಂಬೆಗಾಲು ಕೃಷ್ಣನಿಗೆ ಕೈಮುಗಿದು, ಪ್ರಸಾದ ತಂದಿದ್ದರು. ಮಗುವಿಗಿಂತ ಮುಂಚೆ ತೊಟ್ಟಿಲಿಗೆ ಗುಂಡುಕಲ್ಲು ಹಾಕುವುದು ಪದ್ಧತಿ. ಹೆಂಗಸರು ಕಲ್ಲಿಗೆ ಕುಲಾವಿ ಕಟ್ಟಿ, ತೊಟ್ಟಿಲಿನ ಕೆಳಗಿನಿಂದ ಮೇಲಿನಿಂದ ದಾಟಿಸಿ, ಒಳಗೆ ಮಲಗಿಸಿ ತೂಗಿದರು. ಆ ಭಾರಕ್ಕೂ ಒಂದು ಕಿರಕ್ ಇಲ್ಲ. ಜೇನಿನ ಬಣ್ಣದ ಎರಡು ಆನೆಗಳು ಹಿಂದಕ್ಕೂ ಮುಂದಕ್ಕೂ ತೂಗಿದವು. ಅತ್ತೆ ಸೊಂಡಿಲ ಸುರುಳಿಯ ಒಳಗೆ ಅಂಗೈ ಆಡಿಸಿ ಎಲ್ಲರಿಗೂ ಕೇಳಿಸುವ ಹಾಗೆ ಅಂದರು. "ಎಲ್ಲೂ ಒಂದು ಸಿಬಿರು ಚುಚ್ಚಕ್ಕಿಲ್ಲ ಕಣ್ರವ್ವಾ. ಕೈ ಅಂದ್ರೆ ನಮ್ ಚಿಕ್ಕಳಿಯಂದ್ರದ್ದು ಕೈ."

ಅಲ್ಲಿ ನಿಲ್ಲಲಾಗದೆ ನೀರು ಕುಡಿಯುವ ನೆವದಲ್ಲಿ ಒಳಗೆ ಹೋಗಿ ಬಂದೆ. ನನ್ನ ಬಿಟ್ಟು ಇನ್ನೂ ಅವನ ಶೆಡ್ಡಿನಲ್ಲೇ ಇದೆ. ಕೊಡು ಅಂತ ಕೇಳಲು ಬಾಯಿ ಬರುತ್ತಿಲ್ಲ. ಕೇಳಿದರೆ ಹಳೆಯದನ್ನೇ ಹಾಕಿಕೊಂಡಾನು ಎಂದು ಭಯ.

ಮತ್ತೆ ಹೊರಗೆ ಬರುವಾಗ ಮಗುವನ್ನು ಮಲಗಿಸಿದ್ದರು. ಷಡ್ಡಕ ತೊಟ್ಟಿಲ ಮೇಲೆ ಬಾಗಿ ಬಲಗೈಯ ತೋರುಬೆರಳು ಚಾಚಿದ್ದ. ನನ್ನ ಮೊಮ್ಮಗಳು ಅದನ್ನು ಗಬಕ್ಕನೆ ಹಿಡಿದುಕೊಂಡಿದ್ದಳು, ಇಡೀ ಮುಷ್ಟಿಯಲ್ಲಿ. ನಾನು ಇನ್ನೊಂದು ಕಡೆಯಿಂದ ಹೋಗಿ ನನ್ನ ಬೆರಳನ್ನೂ ಚಾಚಿದೆ. ಅವಳು ತಿರುಗಿಯೂ ನೋಡಲಿಲ್ಲ. ಮಗಳು ಫೋಟೋ ಹಿಡಿಯುತ್ತಿದ್ದಳು, ಅತ್ತೆ ನೆಟಿಕೆ ಮುರಿಯುತ್ತಿದ್ದರು. ಆ ಬೆರಳು ಇವತ್ತು ಅಲ್ಲಿ ಇರುವುದು ಹೇಗೆಂದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವನು ತಲೆ ಎತ್ತಿ ನನ್ನ ಮುಖ ನೋಡಿದ. ನಗಲಿಲ್ಲ. ಕಣ್ಣು ಒದ್ದೆಯಾಗಿತ್ತು.

"ಬುಡ್ತಾನೇ ಇಲ್ಲ ಕಣಣ್ಣ ಇವ್ಳು" ಅಂದ.

ಹೊಟ್ಟೆ ಉರಿಯಿತು. ದೇವರಾಣೆಗೂ ಹೇಳುತ್ತೇನೆ, ಅಷ್ಟು ಯಾವತ್ತೂ ಉರಿದಿರಲಿಲ್ಲ.

"ಎಳ್ಕೊಬ್ಯಾಡ ಕಣ್ಲಾ" ಅಂದೆ. "ಹಂಗೇ ಇರ್ಲಿ."